ಕದಿರೇಶ್ ಮೇಷ್ಟ್ರು ಪ್ರಬಂಧ ಮಂಡಿಸಿದ್ದು

ಯಲ್ದೂರಿನ ಕದಿರೇಶ್ ಕೋಲಾರದ ಒಂದು ಬಿ.ಎಡ್. ಕಾಲೇಜಿನಲ್ಲಿ ಮೇಷ್ಟ್ರು. ತಾನು ಸೊಗಸಾಗಿ ಮಾತಾಡುತ್ತೇನೆ ಎಂಬುದು ಅವರ ಗಟ್ಟಿ ನಂಬಿಕೆ. ಕೇಳಿದವರ ಅಭಿಪ್ರಾಯವನ್ನು ಅವರು ಯಾವತ್ತೂ ಕೇಳಿರಲಿಲ್ಲ.

ಹೋದ ವರ್ಷ ಅವರ ವಿದ್ಯಾರ್ಥಿಗಳು ಫಿಲಿಪ್ಪೀನ್ಸ್‌ನ ಬಿ.ಎಡ್. ವಿದ್ಯಾರ್ಥಿಗಳ ಜೊತೆ ವಿಡಿಯೊ ಕರೆಯಲ್ಲಿ ಕಲೆತು, ಕಣ್ಣು ಕಾಣದ, ಕಿವಿ ಕೇಳದ ಮಕ್ಕಳೂ ಉಳಿದವರೊಂದಿಗೇ ಕೂತು ಕಲಿಯುವಂಥ ಪಾಠಗಳನ್ನು ಕಟ್ಟಿದ್ದರು. ಅದರ ಮೇಲೆ ಕದಿರೇಶ್ ಸಂಶೋಧನಾ ಪ್ರಬಂಧ ಬರೆದರು. ಮಾಲೂರಿನ ವಿಚಾರ ಸಂಕಿರಣದಲ್ಲಿ ಮಂಡಿಸಲು ಕರೆ ಬಂತು. ಹೆಂಡತಿ ಮುನಿಲಕ್ಷ್ಮಿಯನ್ನು ಕೂರಿಸಿಕೊಂಡು ವಾರವಿಡೀ ಅಭ್ಯಾಸ ನಡೆಯಿತು. ಆಕೆ ಅವರೆಕಾಯಿ ಸುಲಿಯುತ್ತಾ ಕೇಳಿ, "ಒಂದೂ ಅರ್ಥ ಆಗ್ಲಿಲ್ಲ ಕಣ್ರೀ, ದೊಡ್ಡದೇ ಇರ್ಬೇಕು" ಎಂದಳು. ಕದಿರೇಶ್ ಅದನ್ನು ಹೊಗಳಿಕೆಯೆಂದೇ ತಿಳಿದರು.

ಸಂಕಿರಣಕ್ಕೆ ಹೊಸ ಕೋಟು ತೊಟ್ಟು ಹೋದರು. ಮುಂದಿನ ಸಾಲಿನಲ್ಲಿ ಅವರ ವಿದ್ಯಾರ್ಥಿನಿ, ಆ ಪಾಠ ಕಟ್ಟಿದವರಲ್ಲಿ ಒಬ್ಬಳಾದ ಚಂದನ ಕೂತಿದ್ದಳು. ಶ್ರೀನಿವಾಸಪುರದವಳು, ಹುಟ್ಟಿನಿಂದ ಕಣ್ಣು ಕಾಣದವಳು. ಪಾಠ ಕಟ್ಟುವಾಗ ತೆಗೆದ ಮೊದಲ ಫೋಟೊ ಪರದೆಯ ಮೇಲೆ ಮೂಡಿತು.

"ಎಲ್ರೂ ಹೇಗೆ ಒಂದಾಗಿದ್ದಾರೆ, ನೀವೇ ನೋಡ್ತಿದ್ದೀರಲ್ಲ!" ಎಂದರು ಕದಿರೇಶ್.

"ಸಾರ್, ನಂಗೆ ಕಾಣಿಸ್ತಿಲ್ಲ," ಚಂದನ ಕೈಯೆತ್ತಿದಳು. "ಫೋಟೊದಲ್ಲಿ ಏನಿದೆ ಹೇಳ್ತೀರಾ?"

ಹೇಳದೆ ವಿಧಿಯಿರಲಿಲ್ಲ. "ಮಧ್ಯದಲ್ಲಿ... ನಾನಿದ್ದೀನಮ್ಮ."

"ನಾವು?"

"ನನ್ನ ಹಿಂದೆ. ಒಂದಿಬ್ರ ತಲೆ ಕಾಣ್ತಿದೆ."

ಸಭೆ ಕಿಸಕ್ಕೆಂದು ನಕ್ಕಿತು. ಎರಡನೆಯ ಫೋಟೊದಲ್ಲೂ ಅವರೇ, ಮೈಕು ಹಿಡಿದು. ಮೂರನೆಯದರಲ್ಲಿ ಫಿಲಿಪ್ಪೀನ್ಸ್‌ನ ಜಾಸ್ಮಿನ್ ಎಂಬ ಹುಡುಗಿ ಲ್ಯಾಪ್‌ಟಾಪಿನಲ್ಲಿದ್ದಳು. ಅವಳ ಅರ್ಧ ಮುಖಕ್ಕೆ ಮೇಷ್ಟ್ರ ಭುಜ ಅಡ್ಡ ಬಂದಿತ್ತು. ಬಾಯಿಬಿಟ್ಟು ವರ್ಣಿಸಬೇಕಾಗಿ ಬಂದಾಗಲೇ ಅವರಿಗೆ ಅದು ಕಂಡದ್ದು. ನಾಚಿಕೆಯಾಯಿತು, ಆಮೇಲೆ ನಗುವೂ ತಡೆಯಲಾಗಲಿಲ್ಲ.

"ಎಲ್ಲರನ್ನೂ ಸೇರಿಸ್ಕೊಳ್ಳೋದು ಹೇಗೆ ಅಂತ ಹೇಳೋಕ್ ಬಂದು, ಎಲ್ಲರಿಗೂ ಅಡ್ಡ ನಿಂತಿದ್ದೀನಿ ಕಣಮ್ಮ. ನೀನೇ ಬಂದು ಹೇಳು," ಎಂದು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು.

ಚಂದನ ವೇದಿಕೆಗೆ ಬಂದು, ಮಾವು ಹಣ್ಣಾಗುವ ಪಾಠಕ್ಕೆ ಜಾಸ್ಮಿನ್ ಬರೀ ಬಣ್ಣದ ಚಿತ್ರಗಳನ್ನು ಮಾಡಿದ್ದನ್ನೂ ತಾನು ಜಗಳವಾಡಿದ್ದನ್ನೂ ಹೇಳಿದಳು. "ನಮ್ಮೂರಲ್ಲಿ ಹಣ್ಣಾಗಿದ್ದು ಮೂಗಿಗೇ ಮೊದ್ಲು ಗೊತ್ತಾಗೋದು ಅಂದೆ. ಅವರೂರಲ್ಲೂ ಹಾಗೇ ಅಂತೆ!" ಕೊನೆಗೆ ಇಬ್ಬರೂ ಸೇರಿ ಮೂಸುವ, ಮುಟ್ಟುವ, ನೋಡುವ ಪಾಠ ಕಟ್ಟಿದ್ದರು. ಅಧ್ಯಕ್ಷರು ಸಮಯ ಮುಗಿದ ಗಂಟೆ ಬಾರಿಸುವುದನ್ನೇ ಮರೆತರು. ಪ್ರಶ್ನೆಗಳೆಲ್ಲ ಅವಳಿಗೇ ಬಂದವು.

"ಹೇಗಾಯ್ತ್ರೀ?" ಎಂದು ಸಂಜೆ ಮುನಿಲಕ್ಷ್ಮಿ ಕೇಳಿದಳು.

"ಬಾಯಿ ಮುಚ್ಚಿದ್ಮೇಲೆ ಚೆನ್ನಾಗಾಯ್ತು ಕಣೇ."

ಮುಂದಿನ ತಿಂಗಳು ಮುಳಬಾಗಿಲಿನ ಶಿಕ್ಷಕರ ತರಬೇತಿಯಲ್ಲಿ ಮಾತಾಡಲು ಚಂದನಳನ್ನೇ ಕರೆದರು. ಕದಿರೇಶರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಅರ್ಧ ಗಂಟೆ ತುಟಿ ಬಿಚ್ಚದೆ ಕೂರುವುದು ಅವರಿಗೆ ಪ್ರಬಂಧ ಬರೆದದ್ದಕ್ಕಿಂತ ಕಷ್ಟವಾಯಿತು.