ಎಡದಿಂದ ಓದಿದ ಜಪಾನಿ ಪುಸ್ತಕ

ಬಾಯಮ್ಮನ ಹೆಬ್ಬೆರಳೊಂದಕ್ಕೆ ಉಗುರಿರಲಿಲ್ಲ. ಎಡಗೈಯದೆಂದು ಬರೆದು ಹೊಡೆದುಹಾಕಿದ್ದೇನೆ, ಬಲಗೈಯದೂ ಇರಬಹುದು. ಏನಾಯಿತೆಂದು ಕೇಳಿದರೆ ಒಮ್ಮೆ ಕಾರಿನ ಬಾಗಿಲು, ಇನ್ನೊಮ್ಮೆ ರುಬ್ಬುವ ಕಲ್ಲು, ಮತ್ತೊಮ್ಮೆ “ನನ್ನ ಗಂಡ ಕಚ್ಚಿದ್ದು.”

ತೊಂಬತ್ತರ ದಶಕದ ಕುವೈತ್. ಬಾಯಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ಆ ಮನೆಯ ಅಡುಗೆಯವರು. ನಾನು ಅಲ್ಲಿನ ಮುದಿ ಯಜಮಾನಿಗೆ ಇನ್ಸುಲಿನ್ ಚುಚ್ಚುವ ನರ್ಸ್. ಎರಡು ವರ್ಷದ ಕರಾರು ಮುಗಿದಿತ್ತು. ಊರಲ್ಲಿ ಅಕ್ಕನ ಬಳಿ ಬಿಟ್ಟ ಮಗಳು ಫೋನಿನಲ್ಲಿ ನನ್ನನ್ನು ಆಂಟಿ ಎನ್ನತೊಡಗಿದ್ದಳು. ಪಾಸ್‌ಪೋರ್ಟ್ ಯಜಮಾನಿಯ ಕಪಾಟಿನಲ್ಲಿ. ಕೇಳಿದಾಗಲೆಲ್ಲ “ಈ ರಂಜಾನ್ ಕಳೆಯಲಿ” ಎನ್ನುತ್ತಿದ್ದರು. ಕಳೆದರೆ ಬಕ್ರೀದ್.

ಅದೇ ಕಪಾಟಿನಲ್ಲಿ ಯಜಮಾನಿಯ ಗಂಡ ಎಂದೋ ಜಪಾನಿನಿಂದ ತಂದ ಹಳೇ ಪುಸ್ತಕವೂ ಇತ್ತು. ಮರದ ಅಚ್ಚಿನಿಂದ ಒತ್ತಿದ ಚಿತ್ರಗಳು, ನೂಲಿನಲ್ಲಿ ಹೊಲಿದ ತೆಳು ಕಾಗದ, ಪುಟದ ತುಂಬ ಅಲ್ಲಿನ ವೇಶ್ಯೆಯರು. ಹುಳ ಹಿಡಿಯದಂತೆ ಅದನ್ನು ಬಿಡಿಸಿ ಗಾಳಿಗಿಡುವ ಕೆಲಸ ಬಾಯಮ್ಮನದು. ಉಗುರಿಲ್ಲದ ಬೆರಳು ಕಾಗದ ಗೀರುವುದಿಲ್ಲವಲ್ಲ.

“ಸೂಳೆಗೇರಿಯಂತೆ ಮಾರಾಯ್ತಿ,” ಎಂದು ನನ್ನನ್ನು ಕರೆದು ತೋರಿಸುತ್ತಿದ್ದರು. “ಆದರೆ ನೋಡು, ಕುತ್ತಿಗೆವರೆಗೆ ಬಟ್ಟೆ. ನಮ್ಮ ಇಗರ್ಜಿಗೆ ಬರುವವರೂ ಇಷ್ಟು ಸುತ್ತಿಕೊಳ್ಳುವುದಿಲ್ಲ.”

ನಾವು ಪುಸ್ತಕ ತೆರೆಯುವ ಹಾಗೆ ಎಡದಿಂದಲೇ ತೆರೆದು ಕಥೆ ಕಟ್ಟುವರು. ತಲೆ ತುಂಬ ಪಿನ್ನು ಚುಚ್ಚಿಕೊಂಡು ಮೆರವಣಿಗೆ ಹೊರಟ ಹೆಣ್ಣು ಪುಟಪುಟಕ್ಕೂ ಹಗುರಾಗುತ್ತಾಳೆ. ಕನ್ನಡಿ ಮುಂದೆ ಕೂರುತ್ತಾಳೆ. ಕೊನೆಗೆ ಗಂಟು ಹಿಡಿದ ಹುಡುಗಿಯಾಗಿ ದೊಡ್ಡ ಬಾಗಿಲಲ್ಲಿ ನಿಲ್ಲುತ್ತಾಳೆ. “ಹೊರಟಳು ನೋಡು ಊರಿಗೆ. ನೀನೂ ಹೋಗ್ತಿ.”

ಒಂದು ಮಧ್ಯಾಹ್ನ ಯಜಮಾನಿ ಬಂದು ಅದೇನೆಂದು ಕೇಳಿದರು. ಬಾಯಮ್ಮ ತಮ್ಮ ಹರಕು ಅರಬಿಯಲ್ಲಿ ಕಥೆ ಹೇಳಿದರು. ಯಜಮಾನಿ ಕೆಮ್ಮು ಬರುವಷ್ಟು ನಕ್ಕರು. “ಹಿಂದುಮುಂದಾಗಿ ಓದಿದ್ದೀಯಲ್ಲೇ! ಅವರದೂ ನಮ್ಮ ಹಾಗೆ ಬಲದಿಂದ. ಆ ಹುಡುಗಿ ಹೊರಗೆ ಹೋಗುತ್ತಿಲ್ಲ. ಈಗ ಒಳಗೆ ತಂದಿದ್ದಾರೆ.”

ಬಾಯಮ್ಮ ನಗಲಿಲ್ಲ. “ಆಮೇಲೆ ಬಿಡಲೇ ಇಲ್ಲವಾ ಮಾಮಾ?” ಕೆಲಸದವರೆಲ್ಲ ಯಜಮಾನಿಯನ್ನು ಕರೆಯುತ್ತಿದ್ದುದು ಹಾಗೆ.

“ಪುಸ್ತಕದಲ್ಲಿ ಬಿಟ್ಟಿಲ್ಲ.”

“ಈ ಮನೆಯಲ್ಲಿ?”

ಮರುದಿನವೇ ಪಾಸ್‌ಪೋರ್ಟ್ ಸಿಕ್ಕಿತೆಂದರೆ ಚೆಂದ. ಸಿಗಲಿಲ್ಲ. “ಖಲಾಸ್, ಚಹಾ ತಾ,” ಎಂದರು ಯಜಮಾನಿ. ಬಾಯಮ್ಮ ಚಹಾ ಕೊಡುವಾಗ ಕೇಳಿದರು, ಮೀನು ಬಡಿಸುವಾಗ ಕೇಳಿದರು, ಬೈಸಿಕೊಂಡು ಮತ್ತೆ ಕೇಳಿದರು. ಎಷ್ಟು ದಿನವೋ ನೆನಪಿಲ್ಲ. ಕೊನೆಗೆ ಯಜಮಾನಿ ರೇಗಿದರು: “ಇವಳು ಹೋದರೆ ನನಗೆ ಚುಚ್ಚುವವರು ಯಾರು?”

“ನಾನು.”

“ನೀನು ಕ್ರಿಸ್‌ಮಸ್‌ಗೆ ರಜೆ ಹೋಗುವವಳು.”

“ಹೋಗುವುದಿಲ್ಲ.”

ಬದನೆಕಾಯಿಗೆ ಚುಚ್ಚಿ ಕಲಿತರು. “ಮುದುಕಿಗಿಂತ ಇದೇ ಮೆತ್ತಗುಂಟು,” ಎಂದು ನನ್ನನ್ನೂ ನಗಿಸಿದರು. ಪಾಸ್‌ಪೋರ್ಟ್ ಸಿಕ್ಕಿ ನಾನು ಹೊರಟ ದಿನ ವಿಮಾನ ನಿಲ್ದಾಣಕ್ಕೆ ಬಂದು ಕೈ ಬೀಸಿದರೆಂದು ನನಗೆ ನೆನಪು. ಬಂದಿರಲಾರರು, ಅದು ಇನ್ಸುಲಿನ್ ಕೊಡುವ ಹೊತ್ತು.

ಕೆಲವು ವರ್ಷಗಳ ನಂತರ ಬಾಯಮ್ಮ ಅಲ್ಲೇ ತೀರಿಕೊಂಡರು. ದೇಹ ಊರಿಗೆ ಬಂದ ದಿನ ಮಗಳನ್ನು ಕರೆದುಕೊಂಡು ಹೋದೆ. ಅವರ ಸೊಸೆ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡಳು. “ನನ್ನ ಮಗ ಹುಟ್ಟಿದ ವರ್ಷ ಕ್ರಿಸ್‌ಮಸ್‌ಗೆ ಬರ್ತೇನೆ ಅಂದಿದ್ದರು. ರಜೆ ಸಿಗಲಿಲ್ಲ ಪಾಪ.”

“ಸಿಕ್ಕಿತ್ತು,” ಎಂದೆ. ಮಗಳನ್ನು ಮುಂದಕ್ಕೆ ಕರೆದು ನಿಲ್ಲಿಸಿದೆ. “ಇವಳಿಗೆ ಕೊಟ್ಟರು.”