ನಿಂಗರಾಜಣ್ಣನ ಎಡೆ

ನಿಂಗರಾಜಣ್ಣನಿಗೆ ಎಡ ಬಲ ಎಂಬುದೇ ಇರಲಿಲ್ಲ. ಇದ್ದದ್ದು ಮೂಡಲು, ಪಡುವಲು, ತೆಂಕಲು, ಬಡಗಲು. ಒಮ್ಮೆ ನನಗೆ ಲೆಕ್ಕ ಹೇಳಿಕೊಡುತ್ತಿದ್ದವನು ತಲೆಯೆತ್ತಿ, "ಲೇ ಜಯಾ, ನಿನ್ನ ತೆಂಕಲ ಕೆನ್ನೆ ಮೇಲೆ ಇರುವೆ ಅದೆ ಕಣೇ" ಎಂದ. ತೆಂಕಲು ಯಾವುದೆಂದು ನಾನು ಯೋಚಿಸುವಷ್ಟರಲ್ಲಿ ಅದು ಕಚ್ಚಿಯಾಗಿತ್ತು. ಈ ಚಾಳಿ ಅವನಿಗೆ ಬಂದದ್ದು ತಾಯಿಯಿಂದ. ಬೆಳಕವಾಡಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವನ ತಾಯಿಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಉಪ್ಪು ಕೇಳಿದರೂ ಆಕೆ "ಬಡಗಲ ಗೂಡ್ನಲ್ಲಿ ಅದೆ, ತಕ್ಕೋ" ಎನ್ನುತ್ತಿದ್ದಳು.

ಅವನು ಓದಿದ ಮೈಸೂರಿನ ಕಾಲೇಜಿನವರು ಈ ವರ್ಷ ಯುದ್ಧದಲ್ಲಿ ಮಡಿದ ಹಳೆಯ ವಿದ್ಯಾರ್ಥಿಗಳ ಹೆಸರು ಕೆತ್ತಿದ ಕಲ್ಲು ನಿಲ್ಲಿಸುತ್ತಿದ್ದಾರೆ. ಅವನ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದು ನನಗೆ ಫೋನು ಬಂತು. ನಾಲ್ಕು ಸಾಲಿಗೆ ಬಗ್ಗುವ ಆಸಾಮಿಯಲ್ಲ ಅವನು.

ತಂದೆ ಇಲ್ಲದ ಮನೆ. ಅಣ್ಣ ಚನ್ನಪ್ಪ ಬೇಸಾಯ ಮಾಡಿ ಇವನನ್ನು ಬಿ.ಎಸ್ಸಿ. ಓದಿಸಿದ. ರಜದಲ್ಲಿ ಊರಿಗೆ ಬಂದರೆ ಕಬ್ಬಿಗೆ ನೀರು ಕಟ್ಟುವ ಕೆಲಸ ಇವನದು. ಬದುವಿನ ಮೇಲೆ ಪುಸ್ತಕ ಹಿಡಿದು ಕೂತನೆಂದರೆ ನೀರು ಎತ್ತ ಹೋಯಿತೆಂಬ ಪರಿವೆಯೇ ಇರುತ್ತಿರಲಿಲ್ಲ. ಒಂದು ಸಲ ಪಕ್ಕದ ಗದ್ದೆಗೆಲ್ಲ ನೀರು ನುಗ್ಗಿ, ಆ ಗದ್ದೆಯವರು ಬಂದು ಬಾಯಿಗೆ ಬಂದಂತೆ ಬೈದರು. ಇವನು ಪುಸ್ತಕ ಮುಚ್ಚಿ, "ಈಗ ಬೈಯಣ್ಣ, ಲೆಕ್ಕ ಮುಗೀತು" ಎಂದನಂತೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನ ಹಣೆಯಲ್ಲಿ ಬರೆದಿಲ್ಲವೆಂದು ನಾನು ಸ್ಲೇಟು ಎಸೆದಾಗ ಎತ್ತಿ ಕೈಗೆ ಕೊಟ್ಟವನೂ ಅವನೇ. "ತಪ್ಪುದ್ರೆ ತಪ್ಲಿ ಕಣೇ, ಅರ್ಧಕ್ಕೆ ಬುಡಬ್ಯಾಡ." ಮುಂದೆ ನಾನು ಭಾರತೀನಗರದಲ್ಲಿ ಮೂವತ್ತು ವರ್ಷ ಗಣಿತ ಹೇಳಿದ್ದರೆ ಅದು ಆ ಸ್ಲೇಟಿನ ಪುಣ್ಯ.

ಪದವಿ ಮುಗಿಸಿ ವಿಮಾನಪಡೆಗೆ ಸೇರಿದ, ನ್ಯಾವಿಗೇಟರ್ ಆದ. ಕೊನೆಯ ಸಲ ರಜಕ್ಕೆ ಬಂದಾಗ ಜಗುಲಿಯ ಮೇಲೆ ಕೂತು ತಾಯಿಗೆ ತನ್ನ ಕೆಲಸ ವಿವರಿಸಿದ.

"ಓಡ್ಸೋನು ಬ್ಯಾರೆ ಕಣವ್ವ. ನಾನು ದಾರಿ ಏಳೋನು."

"ಮ್ಯಾಲೆ ದಾರಿ ಎಲ್ಲದ್ಲಾ?"

"ಇಲ್ವಲ್ಲ, ಅದ್ಕೇ ನನ್ನ ಕರ್ಕೊಂಡವ್ರೆ."

ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಎಪ್ಪತ್ತೊಂದರ ಯುದ್ಧದಲ್ಲಿ ಅವನಿದ್ದ ವಿಮಾನ ಹಿಂದಿರುಗಲಿಲ್ಲ. ಮೊದಲು ಕಾಣೆಯಾಗಿದ್ದಾನೆಂದು ತಂತಿ ಬಂತು. ಎಷ್ಟೋ ತಿಂಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಕಾಗದ. ಆಗ ನಾನು ಮಂಡ್ಯದಲ್ಲಿ ಡಿಗ್ರಿ ಓದುತ್ತಿದ್ದೆ. ಓದಿ ಹೇಳಲು ನನ್ನನ್ನೇ ಕರೆಸಿದರು. "ತೀರಿಕೊಂಡಿರಬೇಕು ಅಂತ ತಿಳ್ಕೊಂಡಿದ್ದಾರೆ" ಎಂದೆ. ಕಾಗದದಲ್ಲಿ ಇದ್ದದ್ದೂ ಅಷ್ಟೇ.

ದೊಡ್ಡವ್ವ ಕೇಳಿದಳು: "ತಿಳ್ಕಂಡವ್ರಾ, ನೋಡವ್ರಾ?"

"ನೋಡಿಲ್ಲ ದೊಡ್ಡವ್ವ."

"ಅಂಗಾದ್ರೆ ಬುಡು."

ಅಂದಿನಿಂದ ಆ ಮನೆಯಲ್ಲಿ ಪ್ರತಿ ಪಿತೃಪಕ್ಷಕ್ಕೂ ಜಗಳ. ನಮ್ಮ ಕಡೆ ಆ ಹಬ್ಬದಲ್ಲಿ ಸತ್ತವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಬಡಿಸುತ್ತಾರೆ. ಆಮೇಲೆ ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಬಾಗಿಲು ತೆರೆಯಬೇಕು. ತಮ್ಮನಿಗೂ ಒಂದು ಎಲೆ ಹಾಕೋಣವೆಂದು ಚನ್ನಪ್ಪಣ್ಣ. "ಅಸ್ಕೊಂಡು ಬಂದು ಬಾಗ್ಲಲ್ಲಿ ನಿಂತಿರ್ತಾನೆ ಕಣವ್ವ." ತಾಯಿಯದು ಒಂದೇ ಮಾತು: "ಬದುಕಿರೋನ್ಗೆ ಎಡೆ ಇಕ್ಕುದ್ರೆ ಆಯಸ್ಸು ಕಡ್ಮೆ ಆಯ್ತದೆ." ಇಬ್ಬರದೂ ಪ್ರೀತಿಯೇ. ನಡುವೆ ಸಿಕ್ಕಿಕೊಂಡವಳು ಕಾಗದ ಓದಿದ ನಾನು. ಆ ದಿನ ಖಂಡಿತವಾಗಿ ಹೇಳಿಬಿಟ್ಟಿದ್ದರೆ ಆಕೆ ಅತ್ತು ಹಗುರಾಗುತ್ತಿದ್ದಳೇನೋ ಎಂದು ವರ್ಷಗಟ್ಟಲೆ ಕೊರಗಿದ್ದೇನೆ.

ಇಪ್ಪತ್ತೆರಡು ವರ್ಷ ಹೀಗೇ ಕಳೆಯಿತು. ಒಂದು ಪಿತೃಪಕ್ಷಕ್ಕೆ ಮುಂಚೆ ದೊಡ್ಡವ್ವ ಹೇಳಿಕಳಿಸಿದಳು. ಹೋದೆ. ಆಕೆಯ ಕಾಲುಗಳು ಊದಿಕೊಂಡಿದ್ದವು, ಗೋಡೆಗೊರಗಿ ಕೂತಿದ್ದಳು.

"ನಾನು ಒಂಟೋದ್ರೆ ಅವನ್ಗೆ ಏನಿಷ್ಟ ಅಂತ ಯಾರ್ಗವ್ವ ಗೊತ್ತು? ಚನ್ನಪ್ಪನ ಎಂಡ್ರು ಅವನ್ನ ಕಂಡೇ ಇಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಕಾಗ್ದ ಓದ್ದೋಳು ನೀನು. ಸತ್ತವ್ನೆ, ಅಲ್ವಾ?"

"ಹೂಂ ದೊಡ್ಡವ್ವ" ಎಂದೆ. ಆಕೆ ಅಳಲಿಲ್ಲ. ಬರ್ಕೋ ಎಂದಳು. ಹುರುಳಿಕಾಳಿನ ಬಸ್ಸಾರು, ಕೋಳಿ ಸಾರಿಗೆ ಖಾರ ಕಮ್ಮಿ, ಮುದ್ದೆ ಚಿಕ್ಕದು, ಕಜ್ಜಾಯ ಮಾತ್ರ ಅಂಚು ಗರಿಗರಿಯಾಗಿರಬೇಕು. ಅಂಗಿ ತರಲು ನಾನೇ ಮಳವಳ್ಳಿಗೆ ಹೋದೆ. ಅಂಗಡಿಯವರು ಎಷ್ಟು ವಯಸ್ಸಿನವರಿಗೆ ಎಂದರು. ಬಾಯಿಗೆ ಬಂದದ್ದು ಇಪ್ಪತ್ತನಾಲ್ಕು.

ಹಬ್ಬದ ಸಂಜೆ ಎಡೆ ಬಡಿಸಿ, ಕರ್ಪೂರ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಜಗುಲಿಗೆ ಬಂದೆವು. ದೊಡ್ಡವ್ವನನ್ನು ನಾನೂ ಚನ್ನಪ್ಪಣ್ಣನೂ ಹಿಡಿದು ತಂದು ಹೊಸ್ತಿಲ ಪಕ್ಕ ಕೂರಿಸಿದೆವು. ವಾಡಿಕೆಯಷ್ಟು ಹೊತ್ತಾದ ಮೇಲೆ ಚನ್ನಪ್ಪಣ್ಣ ಕೆಮ್ಮಿ ಬಾಗಿಲಿಗೆ ಕೈ ಹಾಕಿದ. ಆಕೆ ಅವನ ಪಂಚೆ ಹಿಡಿದು ನಿಲ್ಲಿಸಿದಳು.

"ಇನ್ನೊಂಚೂರು ತಡಿಯಪ್ಪ. ಅವ್ನು ದೂರದಿಂದ ಬರ್ಬೇಕು."