ಓಡೆಲ್ ಪ್ರಿಚೆಟ್‌ನ ಗೇಟು

ಓಡೆಲ್ ಪ್ರಿಚೆಟ್ ಹೆಸರು ಎತ್ತಿದರೆ ನಮ್ಮ ಜೇನ್ಸ್‌ವಿಲ್‌ನಲ್ಲಿ ಈಗಲೂ ಜನ ಮುಖ ಕಿವುಚುತ್ತಾರೆ. ‘ಆ ಹುಡುಗನ ಕತ್ತು ಮುರಿಸಿದವನಲ್ಲವೇ?’ ಎನ್ನುತ್ತಾರೆ. ಹೀಗೆ ಕೇಳುವವರಲ್ಲಿ ಅರ್ಧಕ್ಕರ್ಧ ಜನ ಒಂದು ಕಾಲದಲ್ಲಿ ಅವನ ಹೆಸರಿನ ಅಂಗಿ ತೊಟ್ಟು ಗ್ಯಾಲರಿಯಲ್ಲಿ ಕುಣಿದವರೇ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ತಂಡದ ಬಟ್ಟೆ ಒಗೆದು, ಹೆಲ್ಮೆಟ್ ಉಜ್ಜಿ, ಹರಿದ ಪ್ಯಾಡು ಹೊಲಿದು ಕೈ ಸವೆಸಿಕೊಂಡವಳು ನಾನು. ಅವನ ಅಂಗಿಯಲ್ಲಿ ಬೆವರೆಷ್ಟು, ರಕ್ತವೆಷ್ಟು ಎನ್ನುವುದು ನನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

ಅವನಪ್ಪ ಇಲ್ಲಿಯ ಹೆಂಚಿನ ಕಾರ್ಖಾನೆಯಲ್ಲಿ ಒಲೆ ಕಾಯುತ್ತಿದ್ದವನು. ಮಗ ಸಣ್ಣದೊಂದು ಕಾಲೇಜಿಗೆ ಆಡಿದ, ದೊಡ್ಡ ಲೀಗಿನ ಶಿಬಿರಕ್ಕೂ ಹೋದ. ಅಲ್ಲಿ ಕೊನೆಯ ದಿನ ಬೆಳಗಿನ ತಿಂಡಿ ತಿನ್ನುತ್ತಿದ್ದಾಗ ಒಬ್ಬ ಬಂದು ಭುಜ ತಟ್ಟಿ, ಸಾಮಾನು ಕಟ್ಟಿಕೋ ಎಂದನಂತೆ. ಕಟ್ಟಿಕೊಂಡು ಊರಿಗೆ ಬಂದ. ಬೆಳಗಿನ ಜಾವ ಅಂಗಡಿಗಳಿಗೆ ಬ್ರೆಡ್ ಹಾಕುವ ವ್ಯಾನ್ ಓಡಿಸುವುದು, ಸಂಜೆ ನಮ್ಮ ಪಾಟರ್ಸ್ ತಂಡಕ್ಕೆ ಆಡುವುದು. ಬದುಕು ಇಷ್ಟಕ್ಕೆ ಬಂದು ನಿಂತಿತು. ಅವನು ಗೊಣಗಿದ್ದನ್ನು ನಾನು ಕೇಳಿದ್ದಿಲ್ಲ. ಅವನ ಪರವಾಗಿ ನಾನೇ ಗೊಣಗುತ್ತಿದ್ದೆ.

ನಮ್ಮದು ಸೂರಿನಡಿಯ ಫುಟ್‌ಬಾಲ್, ಚೆಂಡು ಒದೆಯುವುದಲ್ಲ, ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಚಳಿಗಾಲದಲ್ಲಿ ಐಸ್-ಹಾಕಿ ಆಟ ನಡೆಯುವ ಅಂಕಣಕ್ಕೆ ವಸಂತ ಬಂದೊಡನೆ ಹಲಗೆ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿದರೆ ಅದೇ ಮೈದಾನ. ಬಯಲಿನ ಆಟದಲ್ಲಿ ಅಂಚಿಗೆ ಗೆರೆಯಿದೆ, ದಾಟಿದರೆ ಆಟ ನಿಲ್ಲುತ್ತದೆ. ನಮ್ಮಲ್ಲಿ ಅಂಚಿಗೆ ಸೊಂಟದೆತ್ತರದ ಗೋಡೆ. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವವನನ್ನು ಆ ಗೋಡೆಗೆ ಹಾಯಿಸಿ ನಿಲ್ಲಿಸುವುದೇ ಓಡೆಲ್‌ನಂಥ ರಕ್ಷಣೆಯ ಆಟಗಾರನ ಕಸುಬು. ಗೋಡೆಗೆ ಸುತ್ತಲೂ ಮೆತ್ತೆ ಕಟ್ಟಿರುತ್ತಾರೆ. ಮೆತ್ತೆಯ ಹಿಂದಿರುವುದು ಹಾಕಿಯವರ ಗಟ್ಟಿ ಹಲಗೆ, ಅದಕ್ಕೆ ಯಾರ ಮೇಲೂ ಕರುಣೆಯಿಲ್ಲ.

ಒಂದು ಕಡೆ ಮಾತ್ರ ಕರುಣೆಯಿತ್ತು. ಐಸ್ ನಯ ಮಾಡುವ ಗಾಡಿ ಒಳಗೆ ಬರಲು ಪೂರ್ವದ ಮೂಲೆಯಲ್ಲೊಂದು ಜೋಡಿ ಬಾಗಿಲಿನ ಗೇಟಿದೆ. ಹಳೆಯ ಚಿಲಕ, ಸಡಿಲ ತಿರುಗಣಿ. ಮೊದಲ ವರ್ಷ ಯಾರೋ ಓಡೆಲ್‌ನನ್ನೇ ಅಲ್ಲಿಗೆ ಎತ್ತಿ ಒಗೆದರು. ಢಂ ಎಂದು ಗುಡುಗಿದಂಥ ಸದ್ದು! ಜನ ಎದ್ದು ನಿಂತರು. ಅವನು ಮಾತ್ರ ಒಳಗೊಳಗೇ ನಗುತ್ತ ಎದ್ದು ಬಂದ.

“ಮಿಸ್ ಮಾವಿಸ್, ಆ ಗೇಟು ಹಿಂದಕ್ಕೆ ಹೋಗತ್ತೆ,” ಎಂದ ನನ್ನ ಕಿವಿಯ ಹತ್ತಿರ ಬಂದು. “ಹಾಸಿಗೆ ಮೇಲೆ ಬಿದ್ದ ಹಾಗಾಯ್ತು. ಸದ್ದಷ್ಟೇ, ನೋವಿಲ್ಲ.”

ಅಂದಿನಿಂದ ಅವನ ಆಟ ಅದೇ ಆಯಿತು. ಓಡುವವನನ್ನು ಅಡ್ಡಗಟ್ಟಿ, ಕುರಿ ಅಟ್ಟಿದ ಹಾಗೆ ಮೂಲೆಗೆ ಅಟ್ಟಿ, ಗೇಟಿಗೇ ಹೊಡೆಯುವುದು. ಢಂ! ಜನಕ್ಕೆ ಹುಚ್ಚು ಹಿಡಿಯಿತು. ಅವನನ್ನು ಗುಡುಗು ಎಂದು ಕರೆದರು, ರಾಕ್ಷಸ ಎಂದು ಕರೆದರು. ರಾಕ್ಷಸನ ಹೊಡೆತ ತಿಂದವರೆಲ್ಲ ಮೈ ಕೊಡವಿಕೊಂಡು ಎದ್ದು ಹೋಗುತ್ತಿದ್ದರೆಂಬುದನ್ನು ಒಬ್ಬರೂ ಗಮನಿಸಲಿಲ್ಲ. ನಾವು ಬಾಯಿ ಬಿಡಲಿಲ್ಲ. ಟಿಕೆಟ್ ಕೊಂಡವರಿಗೆ ರಾಕ್ಷಸನೇ ಬೇಕಿತ್ತು, ಕುರಿ ಕಾಯುವವನಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಅವನು ಕೋಚ್ ಆದ. ಹುಡುಗರಿಗೆ ಕಲಿಸಿದ ಮೊದಲ ಪಾಠವೂ ಗೇಟಿನದೇ.

“ಲೋ ಲೂಥರ್,” ಎಂದು ತನ್ನ ಜಾಗಕ್ಕೆ ಬಂದ ಹೊಸ ಹುಡುಗನಿಗೆ ಹೇಳುತ್ತಿದ್ದ, “ಎದುರಾಳಿಯೂ ನಿನ್ನ ಹಾಗೇ ಸೋಮವಾರ ಕೆಲಸಕ್ಕೆ ಹೋಗ್ಬೇಕು ಕಣೋ. ಅವನಿಗೂ ಮನೇಲಿ ಬಾಯಿಗಳಿವೆ. ನಾನು ‘ಗೇಟ್’ ಅಂತ ಕೂಗಿದ್ರೆ ಅಲ್ಲಿಗೇ ತಗೊಂಡು ಹೋಗು. ಬೇರೆ ಕಡೆ ಹೊಡೆದು ಹೀರೋ ಆಗೋಕೆ ಹೋದ್ರೆ ನಿನ್ನ ಚರ್ಮ ಸುಲಿದು ಮಿಸ್ ಮಾವಿಸ್ ಕೈಲಿ ಕೊಡ್ತೀನಿ, ಒಗೆದು ಒಣಹಾಕ್ತಾಳೆ.”

“ಕೊಡು, ಕೊಡು,” ಎನ್ನುತ್ತಿದ್ದೆ ನಾನು. “ನಿನ್ನ ಕಾಲುಚೀಲಕ್ಕಿಂತ ವಾಸನೆ ಕಮ್ಮಿನೇ ಇರತ್ತೆ.”

ಪಂದ್ಯದ ದಿನ ಗೋಡೆಗೆ ಮೆತ್ತೆ ಕಟ್ಟುವುದು ನಮ್ಮಂಥ ಬಡ ತಂಡಗಳಲ್ಲಿ ಆಟಗಾರರದೇ ಕೆಲಸ. ಕಟ್ಟಿ ಮುಗಿದ ಮೇಲೆ ಓಡೆಲ್ ಒಬ್ಬನೇ ಅಂಕಣ ಸುತ್ತುತ್ತಿದ್ದ, ಪ್ರತಿ ಮೆತ್ತೆಯನ್ನೂ ಅಂಗೈಯಿಂದ ಬಡಿದು ನೋಡುತ್ತ. ಗೇಟಿನ ಹತ್ತಿರ ಬಂದಾಗ ಭುಜ ಕೊಟ್ಟು ಒಮ್ಮೆ ನೂಕುತ್ತಿದ್ದ. ಅದು ಹಿಂದಕ್ಕೆ ಸರಿದರೆ ತಲೆಯಾಡಿಸಿ ಒಳಗೆ ಬರುತ್ತಿದ್ದ. ಇದನ್ನು ತಪ್ಪಿಸಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಬಂದ ನಮ್ಮ ಪಾಲಿನ ಶನಿ, ಟ್ರೆಂಟ್ ಹಾಲ್ವರ್ಸನ್. ಈಜುಕೊಳ ಕಟ್ಟಿಸಿ ಮಾರುವವನು, ತಂಡವನ್ನು ಕೊಂಡ. ಬಾಯಿತುಂಬ ಹಲ್ಲು, ಹಲ್ಲುತುಂಬ ನಗು. ಬಂದ ವಾರವೇ ಹೊಸ ಕಾನೂನು ತಂದ. ಆಟಗಾರರು ಮೆತ್ತೆ ಕಟ್ಟಬಾರದು, ಕೂಲಿಯವರು ಕಟ್ಟುತ್ತಾರೆ. ಕೋಚ್ ಸೂಟು ಹಾಕಬೇಕು. ಕೋಚ್ ಕೊರಳಿಗೆ ಮೈಕು ಸಿಕ್ಕಿಸಬೇಕು, ಅವನು ಕೂಗಿದ್ದೆಲ್ಲ ದೊಡ್ಡ ಸ್ಪೀಕರಿನಲ್ಲಿ ಕೇಳಿಸಬೇಕು.

“ನೀನು ಈ ಊರಿನ ಗುಡುಗು ಕಣಯ್ಯ ಓಡೆಲ್. ಗುಡುಗು ಮೆತ್ತೆ ಹೊರೋದುಂಟಾ?” ಎಂದ.

“ಗೋಡೆ ನಾನೇ ನೋಡ್ಬೇಕು ಸರ್,” ಎಂದ ಓಡೆಲ್.

“ಗೋಡೆ ಎಲ್ಲಿಗೂ ಓಡಿ ಹೋಗಲ್ಲ ಬಿಡು!”

ಆ ಶನಿವಾರ ಪಕ್ಕದ ರಾಜ್ಯದ ವೀಲಿಂಗ್ ತಂಡದ ಜೊತೆ ಪಂದ್ಯ. ಗೆದ್ದರೆ ಲೀಗಿನ ಕೊನೆಯ ಸುತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮಿಂದ ಒಂದು ಗಂಟೆ ದೂರದ ಕಾಲೇಜೊಂದು ಓಡೆಲ್‌ನನ್ನು ರಕ್ಷಣೆಯ ಕೋಚ್ ಆಗಿ ಕರೆಯುವ ಯೋಚನೆಯಲ್ಲಿತ್ತು. ಅಲ್ಲಿಗೆ ಹೋದರೆ ವರ್ಷಪೂರ್ತಿ ಸಂಬಳ, ಬ್ರೆಡ್ ವ್ಯಾನಿಗೆ ಕೊನೆಯ ನಮಸ್ಕಾರ. ಅವನು ಬದುಕಿನಲ್ಲಿ ಬೇಡಿದ್ದು ಅಷ್ಟೇ. ಅವರ ಕಡೆಯ ಜನ ಆ ದಿನ ನೋಡಲು ಬರುವವರಿದ್ದರು.

ಹಾಲ್ವರ್ಸನ್ ತನ್ನ ದೊಡ್ಡ ಗಿರಾಕಿಗಳಿಗಾಗಿ ಪೂರ್ವದ ಮೂಲೆಯಲ್ಲಿ ಜಗಲಿಯೊಂದನ್ನು ಕಟ್ಟಿಸಿ ಸೋಫಾ ಹಾಕಿಸಿದ್ದ. ಮಧ್ಯಾಹ್ನವೇ ಓಡೆಲ್‌ನನ್ನು ಅಲ್ಲಿಗೆ ಎಳೆದುಕೊಂಡು ಹೋಗಿ ಕೂರಿಸಿದ. ಬಂದವರಿಗೆಲ್ಲ ಕೈ ಕುಲುಕು, ಫೋಟೋಗೆ ನಿಲ್ಲು, ಕೋಳಿರೆಕ್ಕೆ ತಿನ್ನು. ಗಡಿಯಾರ ನೋಡುತ್ತಲೇ ತಿಂದ ಪಾಪ. ಅಷ್ಟರಲ್ಲಿ ತಂಡ ಇಳಿಯುವ ಹೊತ್ತಾಯಿತು. ಆ ದಿನ ಅವನು ಅಂಕಣ ಸುತ್ತಿ ಮೆತ್ತೆ, ಗೇಟು ನೋಡಲೇ ಇಲ್ಲ.

ಆ ಜಗಲಿಗೆ ಕಬ್ಬಿಣದ ಚೌಕಟ್ಟು ಕೊಟ್ಟಿದ್ದರು. ಚೌಕಟ್ಟನ್ನು ಗೇಟಿನ ಬೆನ್ನಿಗೇ ಕೂರಿಸಿ ಬೋಲ್ಟು ಹಾಕಿ ಬಿಗಿದಿದ್ದರು, ಹೊಡೆತ ಬಿದ್ದಾಗ ಗಿರಾಕಿಗಳ ಬಿಯರ್ ಚೆಲ್ಲಬಾರದಂತೆ! ಕೂಲಿಯವರು ಮುಂದಿನಿಂದ ಮೆತ್ತೆ ಕಟ್ಟಿ ಮುಚ್ಚಿದರು. ಅದೇ ಚೌಕಟ್ಟಿನ ಮೇಲೆ ಕೂತು ಓಡೆಲ್ ಕೋಳಿ ತಿಂದಿದ್ದ. ಅವನ ಕಣ್ಣಿಗೆ ಕಂಡದ್ದು ಸೋಫಾ ಮಾತ್ರ.

ಪಂದ್ಯದ ಮೂರನೆಯ ಭಾಗದಲ್ಲಿ ವೀಲಿಂಗಿನ ಕೀನನ್ ರಫಿನ್ ಚೆಂಡು ಹಿಡಿದು ನಮ್ಮ ಅಂಚಿಗೆ ತಿರುಗಿದ. ತೆಳ್ಳಗಿನ, ಜಿಂಕೆ ಕಾಲಿನ ಹುಡುಗ. ಲೂಥರ್ ಬೆನ್ನು ಹತ್ತಿದ. ಓಡೆಲ್ ಕೂಗಿದ, “ಗೇಟ್! ಗೇಟ್!” ಕೊರಳಲ್ಲಿ ಮೈಕು. ಕ್ರೀಡಾಂಗಣವಿಡೀ ಕೇಳಿಸಿತು, ಜನವೂ ಜೊತೆಗೂಡಿ ಕೂಗಿದರು. ಲೂಥರ್ ಪಾಠ ಕಲಿತ ಹುಡುಗ, ಹೇಳಿದಲ್ಲಿಗೇ ಹೊಡೆದ.

ಈ ಸಲ ಢಂ ಎನ್ನಲಿಲ್ಲ. ಒಣ ಕಟ್ಟಿಗೆ ಮುರಿದಂತೆ ಲಟಕ್ಕೆಂದಿತು. ಓಡೆಲ್‌ಗೆ ಆ ಸದ್ದಿನಲ್ಲೇ ಎಲ್ಲ ತಿಳಿಯಿತು. ಕುಂಟುಗಾಲಿನಲ್ಲೇ ಓಡಿ, ಆ ಹುಡುಗನ ಪಕ್ಕ ಮಂಡಿಯೂರಿ, “ಅಲ್ಲಾಡಬೇಡ ಕಂದ, ಅಲ್ಲಾಡಬೇಡ,” ಎಂದ. ಅದೂ ಮೈಕಿನಲ್ಲಿ ಕೇಳಿಸಿತ್ತು. ಆದರೆ ಆಮೇಲೆ ಊರೂರಿಗೆ ಹರಿದಾಡಿದ ವಿಡಿಯೋದಲ್ಲಿ ಅಷ್ಟು ಭಾಗ ಇರಲಿಲ್ಲ. ‘ಗೇಟ್, ಗೇಟ್’ ಇತ್ತು, ಲಟಕ್ ಇತ್ತು, ಅಷ್ಟೇ. ಕಾಲೇಜಿನವರು ಮತ್ತೆ ಫೋನ್ ಮಾಡಲಿಲ್ಲ.

ಲೀಗಿನವರು ಹೋಟೆಲೊಂದರ ಕೋಣೆಯಲ್ಲಿ ವಿಚಾರಣೆ ಇಟ್ಟರು. ಮೇಜಿನ ಆಚೆ ಮೂವರು ಟೈ ಕಟ್ಟಿದವರು. ಓಡೆಲ್ ಕೂತು, “ಕೂಗಿದ್ದು ನಾನೇ. ಹೊಡೆದ ಹುಡುಗನ ತಪ್ಪಿಲ್ಲ,” ಎಂದಷ್ಟೇ ಹೇಳಿದ. ಕಲ್ಲಿಗೂ ಅವನಿಗಿಂತ ಹೆಚ್ಚು ಮಾತು ಬರುತ್ತದೆ! ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಗೇಟು ಹಿಂದೆ ಸರಿಯುವುದು, ನೋವಾಗದಿರಲೆಂದೇ ಅಲ್ಲಿಗೆ ಹೊಡೆಸುವುದು, ಬೋಲ್ಟು, ಸೋಫಾ, ಯಾವುದನ್ನೂ ಬಿಡಲಿಲ್ಲ.

ನಡುವೆ ಕೂತವನು ಕನ್ನಡಕ ತೆಗೆದ. “ಅಂದ್ರೆ ಎದುರಾಳಿಗಳನ್ನ ಎಲ್ಲಿ ಒಯ್ದು ಬಡಿಬೇಕು ಅಂತ ಇವರು ಮೊದಲೇ ಜಾಗ ಗೊತ್ತು ಮಾಡಿಟ್ಟಿದ್ರು. ವರ್ಷಾನುಗಟ್ಟಲೆ. ಹೌದೇನಮ್ಮ?”

“ಅಯ್ಯೋ, ಉಳಿಸೋಕೆ ರೀ! ಕೊಲ್ಲೋಕಲ್ಲ!”

“ಜಾಗ ಇತ್ತೋ ಇಲ್ವೋ, ಅಷ್ಟು ಹೇಳಿ.”

ಹಾಲ್ವರ್ಸನ್ ಕೈ ತೊಳೆದುಕೊಂಡ. “ಗೇಟು ಅಲ್ಲಾಡತ್ತೆ ಅಂತ ನನಗೊಬ್ಬರೂ ಹೇಳಿರ್ಲಿಲ್ಲ,” ಎಂದ. ಆ ದರಿದ್ರದವನು ಹೇಳಿದ್ದು ನಿಜವೇ ಆಗಿತ್ತು, ಅದೇ ನನ್ನ ಹೊಟ್ಟೆ ಉರಿ. ನಾವೆಲ್ಲ ಗುಟ್ಟು ಕಾಪಾಡಿದ್ದೆವಲ್ಲ. ಓಡೆಲ್‌ನನ್ನು ಲೀಗಿನಿಂದ ಹೊರಹಾಕಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಒಂದು ವರ್ಷದ ಶಿಕ್ಷೆಗೆ ಮುಗಿಯುತ್ತಿತ್ತೆಂದು ಆಮೇಲೆ ಯಾರೋ ಅಂದರು.

ಚಳಿ ಬೀಳುವ ಹೊತ್ತಿಗೆ ಓಡೆಲ್, “ವೀಲಿಂಗಿಗೆ ಕರ್ಕೊಂಡು ಹೋಗ್ತೀಯಾ ಮಿಸ್ ಮಾವಿಸ್? ಒಬ್ಬನೇ ಹೋಗೋಕೆ ಧೈರ್ಯ ಇಲ್ಲ,” ಎಂದ. ನನ್ನ ಕಾರಿನಲ್ಲೇ ಹೋದೆವು. ರಫಿನ್ ತನ್ನ ತಾಯಿಯ ಮನೆಯ ಹಜಾರದಲ್ಲಿ ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ನಡೆದಾಡುತ್ತಿದ್ದ, ದೇವರು ದೊಡ್ಡವನು. ಆದರೆ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಆಟ ಮುಗಿದಿತ್ತು, ಛಾವಣಿಗೆ ಹೆಂಚು ಹೊದಿಸುವ ಅವನ ಕಸುಬೂ ಮುಗಿದಿತ್ತು.

ಓಡೆಲ್ ಟೋಪಿ ತೆಗೆದು ಬಾಗಿಲಲ್ಲೇ ನಿಂತ. “ನಾನು ಬೇಕಂತ ಮಾಡ್ಲಿಲ್ಲ ಕಣಪ್ಪ. ಆ ಗೇಟು...”

“ಗೊತ್ತು ಕೋಚ್, ಬನ್ನಿ ಕೂತ್ಕೊಳ್ಳಿ,” ಎಂದ ರಫಿನ್. “ಗೇಟಿನ ವಿಷಯ ಯಾರಿಗೆ ಗೊತ್ತಿಲ್ಲ? ಲೀಗಲ್ಲಿ ಆಡೋರಿಗೆಲ್ಲ ಗೊತ್ತು. ನಿಮ್ಮೂರಿಗೆ ಬರುವಾಗ ಬಸ್ಸಲ್ಲಿ, ಈ ಸಲ ಗೇಟಿನ ಮೇಲೆ ಮಲಗೋ ಪಾಳಿ ಯಾರದು ಅಂತ ತಮಾಷೆ ಮಾಡ್ತಿದ್ವಿ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ದೊಡ್ಡ ಗುಟ್ಟು!

“ನಿಮ್ಮನ್ನ ಹೊರಗೆ ಹಾಕಿದ್ದು ಅನ್ಯಾಯ,” ಎಂದ ಆ ಹುಡುಗ. “ನನ್ನನ್ನ ಒಬ್ಬರೂ ಕೇಳ್ಲಿಲ್ಲ. ಈಗ್ಲೇ ಫೋನ್ ಮಾಡಿ ಹೇಳ್ತೀನಿ. ಏಟು ತಿಂದೋನೇ ಹೇಳಿದ್ರೆ ನಂಬಲ್ವಾ?” ಎಂದು ಎಡಗೈ ಚಾಚಿ ಫೋನ್ ಎತ್ತಿಕೊಂಡ.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಓಡೆಲ್ ಕೇಳಿದ, “ಏನಂತ ಹೇಳ್ತೀಯಪ್ಪ?”

“ಇದ್ದದ್ದೇ. ನಾನು ಗೋಡೆಗೆ ಬೀಳೋವಾಗೆಲ್ಲ ಮೈ ಬಿಗಿ ಹಿಡೀತೀನಿ, ಕತ್ತು ಒಳಗೆ ಎಳ್ಕೋತೀನಿ. ಆವತ್ತೂ ಹಿಡಿದಿದ್ದೆ. ನೀವು ಗೇಟ್ ಅಂತ ಕೂಗಿದ್ದು ಕೇಳಿಸ್ತು, ಗೇಟು ಹಿಂದಕ್ಕೆ ಹೋಗತ್ತಲ್ಲ ಅಂತ ಮೈ ಸಡಿಲ ಬಿಟ್ಬಿಟ್ಟೆ. ಬೇರೆ ಯಾರಾದ್ರೂ ಕೂಗಿದ್ರೆ ಬಿಡ್ತಿರ್ಲಿಲ್ಲ ಕೋಚ್.”

ಓಡೆಲ್ ಎದ್ದು ಹೋಗಿ ಅವನ ಕೈಯಿಂದ ಮೆಲ್ಲಗೆ ಫೋನ್ ಬಿಡಿಸಿ ಮೇಜಿನ ಮೇಲಿಟ್ಟ. “ಮಾಡ್ಬೇಡ,” ಎಂದ.

ಕಾರಿನಲ್ಲಿ ನಾನು ಬಾಯಿಗೆ ಬಂದಂತೆ ಬೈದೆ. “ನಿನಗೇನು ತಲೆ ಕೆಟ್ಟಿದೆಯೇನೋ? ಅವನು ಒಂದು ಮಾತು ಹೇಳಿದ್ರೆ ಹೋದ ಹೆಸರು ವಾಪಸ್ ಬರ್ತಿತ್ತು! ಕಾಲೇಜಿನವರೂ ಬರ್ತಿದ್ರೋ ಏನೋ!”

“ಬರ್ತಿದ್ರು,” ಎಂದ ಓಡೆಲ್. “ಬಂದು ನನ್ನ ಕೈಗೆ ಹುಡುಗರನ್ನ ಕೊಡ್ತಿದ್ರು. ಅವರೂ ನನ್ನ ಮಾತು ನಂಬ್ತಿದ್ರು.”

ಈಗಲೂ ಬ್ರೆಡ್ ವ್ಯಾನ್ ಓಡಿಸುತ್ತಾನೆ. ಸಾಮಾನು ಇಳಿಸಿಕೊಳ್ಳುವ ಅಂಗಡಿಯ ಹುಡುಗರು ಎಲ್ಲಿಡಲೆಂದು ಕೇಳಿದರೂ ಕೂಗಿ ಹೇಳುವುದಿಲ್ಲ, ಕೈ ತೋರಿಸುತ್ತಾನೆ.